ದೋಣಿಗೆ ಪಕ್ಕದಲ್ಲೊಂದು ಮರ

ನಮ್ಮ ಸಕಲೇಶಪುರದ ಕಡೆ ಹಾಲವಾಣಕ್ಕೆ ಇರೋ ಮರ್ಯಾದೆ ಅಷ್ಟಕ್ಕಷ್ಟೆ. ಮೆಣಸಿನ ಬಳ್ಳಿ ಹಬ್ಬಿಸೋಕೆ ಬೇಕು, ಕಾಫಿ ಗಿಡಕ್ಕೆ ನೆರಳಿಗೆ ಬೇಕು, ಬೇಲಿ ಗೂಟಕ್ಕೆ ಬೇಕು, ಅಷ್ಟು ಬಿಟ್ರೆ ಅದನ್ನ ಮರ ಅಂತ ಯಾರೂ ಲೆಕ್ಕಕ್ಕೇ ತಗೊಳಲ್ಲ. ಕೊಂಬೆ ಕಡಿದು ನೆಟ್ರೆ ಸಾಕು ಚಿಗುರ್ಕೊಳ್ಳುತ್ತೆ, ಮೈಯೆಲ್ಲ ಮುಳ್ಳು, ಬೇಸಿಗೆ ಶುರುವಾಗೋ ಹೊತ್ತಿಗೆ ಎಲೆ ಉದುರಿಸಿ ಕೆಂಪಗೆ ಹೂ ಬಿಟ್ಟಾಗ ಹಕ್ಕಿಗಳ ಗಲಾಟೆಗೆ ಒಂದ್ಸಲ ತಲೆ ಎತ್ತಿ ನೋಡ್ತೀವಿ ಅಷ್ಟೆ. ಸೌದೆ ಮಾಡಿದ್ರೆ ಹೊಗೆ ಜಾಸ್ತಿ, ಉರಿ ಕಮ್ಮಿ. ಸಾ ಮಿಲ್‌ಗೆ ತಗೊಂಡು ಬರ್ತೀನಿ ಅಂದ್ರೆ ಮಿಲ್‌ನೋರು ನಗ್ತಾರೆ, ಬೀಟೆ ಕುಯ್ಯೋ ಬ್ಲೇಡಿಗೆ ಅವಮಾನ ಕಣಯ್ಯ ಅಂತ. 2005ರ ಆಸುಪಾಸಲ್ಲಿ ಎಲ್ಲಿಂದಲೋ ಒಂದು ಸಣ್ಣ ಕಣಜದ ಹುಳ ಬಂದು, ಎಲೆ ಚಿಗುರೆಲ್ಲ ಗಂಟು ಗಂಟು ಮಾಡಿ, ಹಾಲವಾಣಗಳು ಒಣಗೋಕೆ ಶುರುವಾದಾಗ್ಲೂ ಬೆಳೆಗಾರರಿಗೆ ಬೇಜಾರಾಗಿದ್ದು ಮರ ಹೋಯ್ತಲ್ಲ ಅಂತಲ್ಲ, ಮೆಣಸಿನ ಬಳ್ಳಿ ನೆಲಕ್ಕೆ ಬಿತ್ತಲ್ಲ ಅಂತ. ಆಮೇಲೆ ಸುಮಾರು ಜನ ಸಿಲ್ವರ್ ಓಕ್‌ಗೆ ಬಳ್ಳಿ ಹತ್ತಿಸಿ ಸುಮ್ಮನಾದ್ರು.

ಘಟ್ಟದ ಕೆಳಗೆ ಕಥೆ ಬೇರೆ. ಅಲ್ಲಿ ಸಮುದ್ರಕ್ಕೆ ಇಳಿಯೋ ಮನುಷ್ಯ ತನ್ನ ಜೀವನ ಇಂಥದೇ ಒಂದು ಹಗುರ ಮರದ ದಿಮ್ಮಿಗೆ ಕಟ್ಟಿ ಹೋಗ್ತಾನೆ. ಉತ್ಪ್ರೇಕ್ಷೆ ಅಲ್ಲ, ನಿಜವಾಗ್ಲೂ ಹಗ್ಗದಲ್ಲಿ ಕಟ್ಟಿ.

ಮಂಗಳೂರು ಮಲ್ಪೆ ಕಡೆ ಹೋಗಿ ಬಂದೋರಿಗೆ ಇದು ಅಷ್ಟಾಗಿ ಕಣ್ಣಿಗೆ ಬಿದ್ದಿರಲ್ಲ, ಅಲ್ಲಿ ದೊಡ್ಡ ದೊಡ್ಡ ಬೋಟುಗಳದ್ದೇ ದರ್ಬಾರು. ಇನ್ನೂ ಮೇಲಕ್ಕೆ ಗೋಕರ್ಣ, ಅಂಕೋಲಾ, ಕಾರವಾರ, ಅದನ್ನೂ ದಾಟಿ ಗೋವಾದ ಬೀಚುಗಳಲ್ಲಿ ನಡೆದಾಡಿದ್ರೆ ಮರಳ ಮೇಲೆ ಎಳೆದಿಟ್ಟಿರೋ ಸಣ್ಣ ದೋಣಿಗಳು ಕಾಣ್ತವೆ. ಕಾರವಾರದ ಕಡೆಯೋರು ಪಾತಿ ದೋಣಿ ಅಂತಾರೆ. ಉದ್ದಕ್ಕೆ ಇರುತ್ತೆ, ಅಗಲ ಮಾತ್ರ ಬಹಳ ಕಮ್ಮಿ, ಕೂತ್ರೆ ಸೊಂಟ ಎರಡೂ ಕಡೆ ತಾಗುತ್ತೇನೋ ಅನ್ನೋ ಹಾಗೆ. ಅದರ ಒಂದು ಪಕ್ಕದಿಂದ ಮಾತ್ರ ಎರಡು ಅಡ್ಡಕೋಲು ಹೊರಗೆ ಚಾಚಿರುತ್ತೆ, ಆ ಅಡ್ಡಕೋಲುಗಳ ತುದಿಗೆ, ದೋಣಿಗೆ ಸಮಾನಾಂತರವಾಗಿ, ಎರಡೂ ತುದಿ ಚೂಪು ಮಾಡಿದ ಒಂದು ದಿಮ್ಮಿ, ಅದೇ ತೇಲುಮರ. ಇನ್ನೊಂದು ಪಕ್ಕ ಖಾಲಿ. ಮೊದಲ ಸಲ ನೋಡಿದಾಗ ಇನ್ನೊಂದು ಕಡೆಯದ್ದು ಮುರಿದು ಹೋಗಿದೆ, ರಿಪೇರಿಗೆ ಎಳೆದು ಹಾಕಿದಾರೆ ಅನ್ಸುತ್ತೆ. ಸಾಲಾಗಿ ನಿಂತಿರೋ ಎಲ್ಲಾ ದೋಣಿಗಳೂ ಹಾಗೇ ಇರೋದು ನೋಡಿದ ಮೇಲೆ ಇದು ಬೇಕಂತಲೇ ಮಾಡಿದ್ದು ಅಂತ ಗೊತ್ತಾಗುತ್ತೆ.

ಯಾಕೆ ಹೀಗೆ ಅಂದ್ರೆ ಉತ್ತರ ಕಾಡಲ್ಲಿದೆ, ಕಡಲಲ್ಲಿ ಅಲ್ಲ. ಒಂದೇ ದಿಮ್ಮಿ ಕೊರೆದು ದೋಣಿ ಮಾಡ್ತೀರಾ ಅಂದ್ಕೊಳಿ. ಉದ್ದ ಎಷ್ಟು ಬೇಕಾದ್ರೂ ಸಿಗುತ್ತೆ, ಮೂವತ್ತಡಿ ನೆಟ್ಟಗೆ ಹೋಗಿರೋ ಮರ ನಮ್ಮ ಬಿಸ್ಲೆ ಕಡೆ ಬೇಕಾದಷ್ಟಿವೆ. ಆದ್ರೆ ಅಗಲ? ಮರ ಎಷ್ಟು ದಪ್ಪವೋ ದೋಣಿ ಅಷ್ಟೇ ಅಗಲ, ಅದಕ್ಕಿಂತ ಒಂದಿಂಚೂ ಜಾಸ್ತಿ ಇಲ್ಲ. ಎರಡಡಿ ಅಗಲದ ದೋಣೀಲಿ ಒಬ್ಬ ಎದ್ದು ನಿಂತು ಬೀಸುಬಲೆ ಎಸೀಬೇಕು. ಹೊಳೇಲಾದ್ರೆ ಹೇಗೋ ನಡೆಯುತ್ತೆ, ಅಲೆ ಮೇಲೆ ಮಗುಚೋದು ಗ್ಯಾರಂಟಿ. ಹಲಗೆ ಜೋಡಿಸಿ ಅಗಲ ಮಾಡೋದು ಒಂದು ದಾರಿ. ಇನ್ನೊಂದು ದಾರಿ, ದೋಣಿಯನ್ನ ಹಾಗೇ ಸಪೂರಕ್ಕೆ ಬಿಟ್ಟು ಅದರ ಅಗಲನ ಹೊರಗಡೆ ಇಡೋದು. ಸೊಂಟದ ಮೇಲೆ ತುಂಬಿದ ಬಿಂದಿಗೆ ಇಟ್ಕೊಂಡು ಬರೋ ಹೆಂಗಸು ಇನ್ನೊಂದು ಕೈನ ಆ ಕಡೆ ಚಾಚ್ಕೊಂಡೇ ನಡೆಯೋದು ನೋಡಿದೀರಲ್ಲ, ಹೆಚ್ಚುಕಮ್ಮಿ ಅದೇ ಕೆಲಸ. ಸಪೂರ ಇರೋದ್ರಿಂದ ನೀರು ಸೀಳ್ಕೊಂಡು ಸಲೀಸಾಗಿ ಹೋಗುತ್ತೆ, ಹುಟ್ಟು ಹಾಕೋ ಕೈಗೆ ಕಷ್ಟ ಇಲ್ಲ, ಮಗುಚೋ ಭಯಕ್ಕೆ ಪಕ್ಕದ ಮರ ಇದೆ. ಅಗಲದ ಲಾಭ ಬೇಕು, ಅಗಲದ ಭಾರ ಬೇಡ. ಎಷ್ಟು ಚಾಲಾಕಿ ಅಲ್ವಾ.

ಕಟ್ಟೋ ಕೆಲಸದ ಬಗ್ಗೆ ಹೇಳ್ತೀನಿ. ಬುಡಕ್ಕೆ ಸಾಮಾನ್ಯವಾಗಿ ಮಾವು. ಬೆಲೆ ಕಮ್ಮಿ, ಊರಲ್ಲೇ ಸಿಗುತ್ತೆ, ಹಸಿ ಇದ್ದಾಗ ಬಾಚಿಗೆ ಚೆನ್ನಾಗಿ ಬಗ್ಗುತ್ತೆ. ಕೇರಳದ ಕಡೆ ಹೋದ್ರೆ ಹೆಬ್ಬಲಸೇ ರಾಜ, ಓಣಂ ಟೈಮಲ್ಲಿ ಟಿವಿಲಿ ತೋರಿಸ್ತಾರಲ್ಲ ಆ ಉದ್ದುದ್ದ ಹಾವಿನ ದೋಣಿಗಳು, ಅವು ಹೆಬ್ಬಲಸಿನವು. ನಮ್ಮ ತೋಟಗಳಲ್ಲೂ ಹೆಬ್ಬಲಸು ಇದೆ, ಹಣ್ಣು ಉದುರಿದಾಗ ಮಂಗಗಳಿಗೆ ಹಬ್ಬ, ಮರ ಮನೆ ಬಾಗಿಲು ಕಿಟಕಿಗೆ ಹೋಗುತ್ತೆ. ನೀರಲ್ಲಿ ಬಾಳಿಕೆ ಬರುತ್ತೆ, ಸಲೀಸಾಗಿ ಹುಳ ಹಿಡಿಯಲ್ಲ. ಅದನ್ನ ಕಿಟಕಿ ಫ್ರೇಮ್ ಮಾಡೋದು ಒಂಥರಾ ದಂಡ ಅಂತ ನನ್ನ ಅಭಿಪ್ರಾಯ, ಆದ್ರೆ ಇಲ್ಲಿ ದೋಣಿ ಯಾರಿಗೆ ಬೇಕು.

ದಿಮ್ಮಿಯ ಹೊರಮೈಯನ್ನ ಮೊದಲು ಕೊಡಲಿಯಲ್ಲಿ ಒರಟಾಗಿ ಕೆತ್ತಿ ಆಕಾರಕ್ಕೆ ತರ್ತಾರೆ, ಆಮೇಲೆ ಒಳಗೆ ಕೊರೆಯೋದು. ಬಾಚಿ, ಉಳಿ, ಕೊಡತಿ, ಇಷ್ಟೇ ಸಾಮಾನು. ಕೊರೀತಾ ಕೊರೀತಾ ಒಂದು ಹಂತಕ್ಕೆ ಬಂದ ಮೇಲೆ ಗೋಡೆ ಇನ್ನೆಷ್ಟು ದಪ್ಪ ಉಳಿದಿದೆ ಅನ್ನೋದೇ ಪ್ರಶ್ನೆ, ಒಂದು ಏಟು ಜಾಸ್ತಿ ಬಿದ್ರೆ ತೂತು, ಕಮ್ಮಿ ಕೊರೆದ್ರೆ ದೋಣಿ ಭಾರ. ಕೈಬೆರಳಲ್ಲಿ ತಟ್ಟಿ ಸದ್ದು ಕೇಳಿ ಹೇಳ್ತಾರೆ. ಇದು ನಂಗೆ ಹೊಸದಲ್ಲ, ಹಲಸಿನ ಹಣ್ಣು ತಟ್ಟಿ ನೋಡೋ ಊರಿನೋನು ನಾನು. ಬುಡ ಆದ ಮೇಲೆ ಅಂಚು ಎತ್ತರ ಮಾಡೋಕೆ ಮೇಲೆ ಹಲಗೆ ಕೂರಿಸ್ತಾರೆ, ಇದನ್ನ ಮೊಳೆ ಹೊಡೆದಲ್ಲ, ಹೊಲಿದು. ಹಲಗೆ ಅಂಚಿಗೂ ಬುಡದ ಅಂಚಿಗೂ ಉದ್ದಕ್ಕೆ ಸಾಲಾಗಿ ತೂತು ಕೊರೆದು, ಎರಡು ಸೇರೋ ಸಂದಿಯ ಮೇಲೆ ತೆಂಗಿನ ನಾರನ್ನ ಸುರುಳಿ ಮಾಡಿ ಒತ್ತಿ ಇಟ್ಟು, ಅದರ ಮೇಲಿಂದ ಹುರಿಹಗ್ಗ ಒಳಗೆ ಹೊರಗೆ ಹಾಯಿಸಿ ಬಿಗಿದು, ತೂತುಗಳಿಗೆ ನಾರು ಗಿಡಿದು ಮುಚ್ಚಿ, ಎಣ್ಣೆ ಬಳಿದು ಬಿಡ್ತಾರೆ. ನೀರಿಗಿಳಿದ ಮೇಲೆ ನಾರು ಉಬ್ಬುತ್ತೆ, ಸಂದಿ ಇನ್ನಷ್ಟು ಬಿಗಿಯಾಗುತ್ತೆ. 13ನೇ ಶತಮಾನದಲ್ಲಿ ಮಾರ್ಕೊ ಪೋಲೋ ಹೋರ್ಮುಜ್ ಬಂದರಲ್ಲಿ ಇಂಥ ಹೊಲಿದ ಹಡಗುಗಳನ್ನ ನೋಡಿ, ಇವು ಕೆಟ್ಟ ಹಡಗುಗಳು, ಇದರಲ್ಲಿ ಹೋಗೋದು ಅಪಾಯ ಅಂತ ಬರೆದಿಟ್ಟ. ಪಾಪ, ಅವನೂರಲ್ಲಿ ಕಬ್ಬಿಣದ ಮೊಳೆ ನೋಡಿ ಅಭ್ಯಾಸ. ಅರಬ್ಬೀ ಸಮುದ್ರದ ವ್ಯಾಪಾರ ಶತಮಾನಗಟ್ಟಲೆ ನಡೆದಿದ್ದು ಇದೇ ಹೊಲಿಗೆ ಮೇಲೆ.

ಅಂಕೋಲಾ ಹತ್ತಿರ ಒಂದು ಬೀಚಲ್ಲಿ, ಮಳೆಗಾಲ ಮುಗಿದು ದೋಣಿಗಳನ್ನ ಮತ್ತೆ ನೀರಿಗೆ ಇಳಿಸೋ ಟೈಮಲ್ಲಿ, ಈ ಕೆಲಸನ ಹತ್ರದಿಂದ ನೋಡೋಕೆ ಸಿಕ್ತು. ಮಳೆ ಪೂರ್ತಿ ದೋಣಿ ತೆಂಗಿನ ಗರಿ ಹೊದ್ದು ಮಲಗಿತ್ತು, ಈಗ ಹಳೇ ಕಟ್ಟೆಲ್ಲ ಕತ್ತರಿಸಿ ಬಿಸಾಕಿ ಅಡ್ಡಕೋಲುಗಳನ್ನ ಹೊಸದಾಗಿ ಕಟ್ತಾ ಇದ್ರು ಒಬ್ಬ ಅಜ್ಜ. ಲುಂಗಿ ಮೇಲೆ ಕಟ್ಟಿ, ಬಾಯಲ್ಲಿ ಕವಳ. ಹುರಿಹಗ್ಗನ ಬಕೆಟ್ಟಲ್ಲಿ ನೆನೆಹಾಕಿದ್ರು. ಒದ್ದೆ ಹಗ್ಗನ ದೋಣಿ ಅಂಚಿನ ತೂತಿಂದ ಹಾಯಿಸಿ ಅಡ್ಡಕೋಲಿನ ಮೇಲೆ ಸುತ್ತಿ, ಮತ್ತೆ ಅದೇ ತೂತಿಗೆ, ಮತ್ತೆ ಸುತ್ತಿ, ಒಂದೊಂದು ಸುತ್ತಿಗೂ ಕಾಲು ದೋಣಿಗೆ ಒತ್ತಿ ಹಿಂದಕ್ಕೆ ವಾಲಿ ಎಳೆಯೋರು. ಕೊನೆಗೆ ಸುತ್ತುಗಳ ನಡುವೆ ಒಂದು ಕೋಲು ತೂರಿಸಿ ತಿರುಚಿ, ಹಗ್ಗದಿಂದ ನೀರು ತೊಟ್ಟಿಕ್ಕೋ ತನಕ ಬಿಗಿ ಮಾಡಿ, ಆ ಕೋಲನ್ನ ಅಲ್ಲೇ ಸಿಗಿಸಿಬಿಟ್ರು. ಒಣಗಿದ ಮೇಲೆ ಕಬ್ಬಿಣ ಬೇಕಾಗಿಲ್ಲ ಅನ್ನೋಷ್ಟು ಗಟ್ಟಿ.

ಅಜ್ಜಾ, ಬೋಲ್ಟು ನಟ್ಟು ಹಾಕಿದ್ರೆ ಬೇಗ ಮುಗಿಯಲ್ವಾ ಅಂತ ಕೇಳಿದೆ.

"ಬೋಲ್ಟು ಒಳಗೇ ತುಕ್ಕು ಹಿಡೀತದೆ ತಮಾ, ಮುರಿಯೂವರೆಗೆ ಗೊತ್ತಾಗೂದಿಲ್ಲ. ಹಗ್ಗ ಸವದ್ರೆ ಕಣ್ಣಿಗೆ ಕಾಣ್ತದೆ. ನೀವು ಘಟ್ಟದ ಮೇಲಿನವ್ರಾ?"

ಹೌದು ಅಂದೆ. ಸಕಲೇಶಪುರ ಅಂದಾಗ ಅವರಿಗೆ ಥಟ್ಟಂತ ನೆನಪಾಗಿದ್ದು ಕಾಫಿ ಅಲ್ಲ, ರೈಲು. ಆಮೇಲೆ ಮರದ ಮಾತಿಗೆ ಬಂದ್ರು.

ಅಡ್ಡಕೋಲಿನ ಒಂದು ತುದಿ ದೋಣಿಗೆ ಗಟ್ಟಿ ಆದ್ರೂ ಇನ್ನೊಂದು ತುದಿ, ತೇಲುಮರದ ಕಡೆಯದ್ದು, ಒಂಚೂರು ಅಲ್ಲಾಡ್ತಾ ಇತ್ತು. ಅದನ್ನ ಬೇಕಂತಲೇ ಹಾಗೆ ಬಿಟ್ಟಿದ್ದು. ಅಲೆ ಬಂದಾಗ ದೋಣಿ ಒಂದು ಥರ ಏಳುತ್ತೆ, ಪಕ್ಕದ ಮರ ಇನ್ನೊಂದು ಥರ ಏಳುತ್ತೆ, ಎರಡರ ಮಧ್ಯೆ ಸಿಕ್ಕಿರೋ ಅಡ್ಡಕೋಲು ಆ ಜಗಳನೆಲ್ಲ ನುಂಗ್ಬೇಕು. ಪೂರ್ತಿ ಬಿಗಿ ಮಾಡಿದ್ರೆ ಎಲ್ಲಾದ್ರೂ ಒಂದು ಕಡೆ ಸೀಳ್ತದೆ. ಈಗೀಗ ತೆಂಗಿನ ಹುರಿ ಬದ್ಲು ನೈಲಾನ್ ಹಗ್ಗವೂ ಬಂದಿದೆ, ಬಾಳಿಕೆ ಜಾಸ್ತಿ, ಆದ್ರೆ ಗಂಟು ಜಾರುತ್ತೆ ಅಂತ ಅಜ್ಜನ ಕಂಪ್ಲೇಂಟು.

ಈಗ ಹಾಲವಾಣದ ವಿಷಯ, ಪಕ್ಕದ ತೇಲುಮರಕ್ಕೆ ಬೇಕಾಗಿರೋದು ಇಂಥದೇ ಹಗುರ ಮರ. ಊರಿಗೆ ಬಂದ ಮೇಲೆ ಒಂದಿನ ಸಂಜೆ ಕೂತು ಲೆಕ್ಕ ಹಾಕಿದೆ, ಕರೆಂಟಿರ್ಲಿಲ್ಲ, ಬೇರೆ ಕೆಲ್ಸ ಇರ್ಲಿಲ್ಲ. ಒಂದು ಘನ ಅಡಿ ನೀರು ತೂಗೋದು 28 ಕೆಜಿ ಮೇಲೆ ಸ್ವಲ್ಪ. ಒಣಗಿದ ಹಾಲವಾಣ ಒಂದು ಘನ ಅಡಿ ಸುಮಾರು 9 ಕೆಜಿ ಅಂತ ಇಟ್ಕೊಳಿ. ಅದನ್ನ ನೀರಲ್ಲಿ ಪೂರ್ತಿ ಮುಳುಗಿಸಿದ್ರೆ ಉಳಿದ 19 ಕೆಜಿಯಷ್ಟು ಬಲದಲ್ಲಿ ಮೇಲಕ್ಕೆ ಒತ್ತುತ್ತೆ. ಆ ಮರ ದೋಣಿಯಿಂದ 6 ಅಡಿ ದೂರ ಇದ್ರೆ, 60 ಕೆಜಿಯ ಒಬ್ಬ ಮನುಷ್ಯ ನಡುವಿಂದ ಹತ್ತಿರ ಎರಡಡಿ ಆ ಕಡೆಗೆ ವಾಲಿದ್ರೂ ದೋಣಿ ತಡ್ಕೊಳುತ್ತೆ. ಒಂದೇ ಒಂದು ಘನ ಅಡಿ ಮರಕ್ಕೆ ಇಷ್ಟು ತಾಕತ್ತು! ಅದೇ ಜಾಗದಲ್ಲಿ ನಮ್ಮ ಮರ್ಯಾದಸ್ತ ಬೀಟೆ ಕಟ್ಟಿದ್ರೆ? ಬೀಟೆ ಘನ ಅಡಿಗೆ 24 ಕೆಜಿ ಹತ್ರ ತೂಗುತ್ತೆ, ಮೇಲಕ್ಕೆ ಒತ್ತೋದು ಬರೀ 4 ಕೆಜಿ, ಅದೇ ಮನುಷ್ಯ ಐದಿಂಚು ವಾಲಿದ್ರೆ ಮುಗೀತು ಕಥೆ.

ಆದ್ರೆ ಇಲ್ಲೇ ಒಂದು ತಿರುವು ಇದೆ, ಇದನ್ನ ಯೋಚಿಸ್ತಾ ನಂಗೆ ಮಜಾ ಬಂತು. ದೋಣಿ ತೇಲುಮರದ ಕಡೆಗೆ ವಾಲಿದ್ರೆ ಅದನ್ನ ಹಿಡಿಯೋದು ಮರದ ಹಗುರತನ. ಎದುರು ಪಕ್ಕಕ್ಕೆ, ಅಂದ್ರೆ ಖಾಲಿ ಇರೋ ಪಕ್ಕಕ್ಕೆ ವಾಲಿದ್ರೆ? ಆಗ ಮರ ನೀರಿಂದ ಮೇಲೆ ಎದ್ದುಬಿಡುತ್ತೆ, ತೇಲೋ ಗುಣ ಕೆಲಸಕ್ಕೆ ಬರಲ್ಲ, ಅದರ ತೂಕ ಮಾತ್ರ ದೋಣಿಯನ್ನ ವಾಪಸ್ ಎಳೀಬೇಕು. ಹಾಲವಾಣದ 9 ಕೆಜಿ ಅಲ್ಲಿ ಸಾಕಾಗಲ್ಲ, ಅದೇ ಮನುಷ್ಯ ಒಂದಡಿ ವಾಲೋಷ್ಟರಲ್ಲಿ ಸೋಲುತ್ತೆ. ಬೀಟೆ ಆಗಿದ್ರೆ ಆ ಪಕ್ಕಕ್ಕೆ ಗಟ್ಟಿಯಾಗಿ ನಿಂತಿರೋದು. ಅಂದ್ರೆ ಒಂದು ಪಕ್ಕಕ್ಕೆ ಹಗುರ ಇರ್ಬೇಕು, ಇನ್ನೊಂದು ಪಕ್ಕಕ್ಕೆ ಭಾರ ಇರ್ಬೇಕು, ಇರೋದು ಒಂದೇ ಮರ. ಇದಕ್ಕೆ ದೋಣಿ ಕಟ್ಟೋರು ಕಂಡ್ಕೊಂಡಿರೋ ದಾರಿ, ಮರ ಹಗುರದ್ದೇ ಇರ್ಲಿ, ಗಾತ್ರ ಜಾಸ್ತಿ ಮಾಡು, ಇನ್ನೂ ಸ್ವಲ್ಪ ದೂರಕ್ಕೆ ಕಟ್ಟು. ಎಂಟಡಿ ಉದ್ದ ಎಂಟಿಂಚು ದಪ್ಪ ಇದ್ರೆ ಹತ್ತಿರ ಮೂರು ಘನ ಅಡಿ ಆಯ್ತು, ತೂಕ 25 ಕೆಜಿ ದಾಟಿತು, ಅದ್ರ ಜೊತೆ ಅಡ್ಡಕೋಲುಗಳ ತೂಕವೂ ಸೇರ್ಕೊಳುತ್ತೆ. ದೂರ ಇನ್ನೂ ಹೆಚ್ಚಿಸೋಣ ಅಂದ್ರೆ ಅಡ್ಡಕೋಲು ಮುರಿಯುತ್ತೆ, ದಪ್ಪ ಅಡ್ಡಕೋಲು ಹಾಕೋಣ ಅಂದ್ರೆ ಎಳೆಯೋಕೆ ಭಾರ, ದಡಕ್ಕೆ ಎತ್ತಿ ತರೋಕೆ ಜನ ಜಾಸ್ತಿ ಬೇಕು. ಯಾವುದೂ ಫ್ರೀ ಇಲ್ಲ. ಇಂಜಿನಿಯರಿಂಗ್ ಓದಿದ ನಮ್ಮ ಭಾವನ ಮಗನಿಗೆ ಈ ಲೆಕ್ಕ ತೋರಿಸಿದ್ದಕ್ಕೆ, "ಮಾವ, ಇದು ಫಸ್ಟ್ ಇಯರ್ ಮೆಕ್ಯಾನಿಕ್ಸ್" ಅಂದ. ಇರ್ಬೋದು ಕಣಪ್ಪ, ಅವರು ಫಸ್ಟ್ ಇಯರ್ ಸೇರದೇ ಮಾಡಿದಾರೆ ಅಂದೆ.

ಇನ್ನೊಂದು ತೊಂದರೆ, ಹಾಲವಾಣ ನೀರು ಕುಡಿಯುತ್ತೆ. ಹಗುರ ಮರ ಅಂದ್ರೆ ಒಳಗೆ ಗಾಳಿಗೂಡು ಜಾಸ್ತಿ, ಆ ಗೂಡಿಗೆಲ್ಲ ನೀರು ಹೋಗಿ ಸೇರುತ್ತೆ, ದಿನ ಕಳೆದ ಹಾಗೆ ತೇಲೋ ತಾಕತ್ತು ಇಳಿಯುತ್ತೆ. ಅದಕ್ಕೇ ಕೆಲಸ ಮುಗಿದ ಕೂಡ್ಲೇ ದೋಣಿಯನ್ನ ಮರಳ ಮೇಲೆ ಎಳೆದು ಒಣಗೋಕೆ ಬಿಡೋದು, ಅದಕ್ಕೇ ಎಣ್ಣೆ ಬಳಿಯೋದು. ಎಣ್ಣೆಗಳಲ್ಲೂ ಬಗೆ ಬಗೆ, ಬೂತಾಯಿ ಕುದಿಸಿ ತೆಗೆದ ಮೀನೆಣ್ಣೆ, ಗೇರುಬೀಜದ ಸಿಪ್ಪೆ ಎಣ್ಣೆ, ಹೊನ್ನೆಕಾಯಿ ಎಣ್ಣೆ. ಗೇರು ಸಿಪ್ಪೆ ಎಣ್ಣೆ ಕೈಗೆ ತಾಗಿದ್ರೆ ಚರ್ಮ ಸುಟ್ಟು ಹೋಗುತ್ತೆ, ಮರ ಕೊರೆಯೋ ಹುಳಕ್ಕೂ ಅದನ್ನ ಕಂಡ್ರೆ ಆಗಲ್ಲ. ಹೊಸದಾಗಿ ಮೀನೆಣ್ಣೆ ಬಳಿದ ದೋಣಿ ಪಕ್ಕ ನಿಂತ್ರೆ ಆ ವಾಸನೆ ಬಟ್ಟೆ ಬಿಟ್ಟು ಹೋಗಲ್ಲ, ಮನೆಗೆ ಬಂದ ಮೇಲೆ ಹೆಂಡ್ತಿ ಆ ಶರ್ಟನ್ನ ಬೇರೆ ಬಕೆಟ್ಟಿಗೆ ಹಾಕಿದ್ಲು.

ಈ ಪಕ್ಕದ ಮರಕ್ಕೆ ಹಾಯಿ ಸೇರಿಸಿದ್ರೆ ಏನಾಗುತ್ತೆ ಅಂತ ನೋಡ್ಬೇಕಂದ್ರೆ ಶ್ರೀಲಂಕಾಕ್ಕೆ ಹೋಗ್ಬೇಕು. ಅಲ್ಲಿ ಒರುವ ಅಂತ ಒಂದು ದೋಣಿ ಇದೆ, ಅದರ ಮುಂದೆ ನಮ್ಮ ಪಾತಿ ಸಣ್ಣ ತಮ್ಮ. ಕೊರೆದ ದಿಮ್ಮಿ, ಮೇಲೆ ಹೊಲಿದ ಹಲಗೆ, ಬಿಲ್ಲಿನ ಹಾಗೆ ಬಗ್ಗಿರೋ ಎರಡು ಅಡ್ಡಕೋಲು, ಒಂದೇ ಪಕ್ಕ ತೇಲುಮರ. ಹಾಯಿ ಕಟ್ಟಿ ಸಮುದ್ರಕ್ಕೆ ಹೋಗುವಾಗ ಅವರ ನಿಯಮ ಏನಂದ್ರೆ ತೇಲುಮರ ಯಾವಾಗ್ಲೂ ಗಾಳಿ ಬರೋ ಕಡೆಗೇ ಇರ್ಬೇಕು. ಗಾಳಿ ಹಾಯಿಗೆ ಹೊಡೆದು ದೋಣಿಯನ್ನ ಆಚೆ ಪಕ್ಕಕ್ಕೆ ವಾಲಿಸುತ್ತೆ, ಈಚೆ ಪಕ್ಕದ ಮರ ತನ್ನ ತೂಕದಿಂದ ಹಿಡಿಯುತ್ತೆ. ಸರಿ, ದಿಕ್ಕು ಬದಲಾಯಿಸಿ ವಾಪಸ್ ಬರುವಾಗ? ಮಾಮೂಲಿ ಹಾಯಿದೋಣಿ ಆದ್ರೆ ಮೂತಿ ತಿರುಗಿಸಿ ಬರುತ್ತೆ, ಇದು ಹಾಗೆ ತಿರುಗಿದ್ರೆ ಮರ ತಪ್ಪು ಪಕ್ಕಕ್ಕೆ ಬಂದುಬಿಡುತ್ತೆ. ಅದಕ್ಕೆ ದೋಣಿಯ ಎರಡೂ ತುದಿ ಒಂದೇ ಥರ ಮಾಡಿರ್ತಾರೆ. ತಿರುಗೋ ಮಾತೇ ಇಲ್ಲ, ಹಾಯಿನ ಆ ತುದಿಗೆ ಸಾಗಿಸಿ, ಹುಟ್ಟನ್ನ ಈ ತುದಿಗೆ ತಂದು, ಹಿಂದೆ ಇದ್ದಿದ್ದನ್ನೇ ಮುಂದೆ ಅಂತ ಮಾಡ್ಕೊಂಡು ಹೊರಟುಬಿಡ್ತಾರೆ. ಮುಂದೆ ಹಿಂದೆ ಅನ್ನೋದೇ ಖಾಯಂ ಇಲ್ಲದ ದೋಣಿ.

ಗಾಳಿ ಜೋರಾದ್ರೆ ಒಬ್ಬ ಎದ್ದು ಅಡ್ಡಕೋಲಿನ ಮೇಲೆ ನಡ್ಕೊಂಡು ಹೋಗಿ ತೇಲುಮರದ ಹತ್ರ ನಿಂತ್ಕೊತಾನೆ, ತನ್ನ ತೂಕನೂ ಸೇರಿಸೋಕೆ. ಇನ್ನೂ ಜೋರಾದ್ರೆ ಇನ್ನೊಬ್ಬ. ಹಾಗಾಗಿ ಅಲ್ಲಿಯವರು ಗಾಳಿಯನ್ನ ಅಳೀತಾ ಇದ್ದಿದ್ದೇ ಜನರ ಲೆಕ್ಕದಲ್ಲಿ, ಒಬ್ಬನ ಗಾಳಿ, ಇಬ್ಬರ ಗಾಳಿ, ಮೂವರ ಗಾಳಿ ಅಂತ. ಹವಾಮಾನ ಇಲಾಖೆಯ ಗಂಟೆಗೆ ಇಷ್ಟು ಕಿಲೋಮೀಟರ್ ಅನ್ನೋದಕ್ಕಿಂತ ಇದು ಎಷ್ಟೋ ಮೇಲು, ಕೇಳಿದ ತಕ್ಷಣ ನಾಳೆ ಎಷ್ಟು ಜನ ಹೊರಡ್ಬೇಕು ಅಂತಲೇ ಗೊತ್ತಾಗುತ್ತೆ.

ಫಿಲಿಪೈನ್ಸ್, ಇಂಡೋನೇಷ್ಯಾ ಕಡೆ ಹೋದ್ರೆ ಎರಡೂ ಪಕ್ಕ ಮರ ಕಟ್ಟಿರ್ತಾರೆ, ಪೆಸಿಫಿಕ್ ದ್ವೀಪಗಳಲ್ಲಿ, ಆಫ್ರಿಕಾ ಪಕ್ಕದ ಮಡಗಾಸ್ಕರಿನ ಪಶ್ಚಿಮ ತೀರದಲ್ಲಿ ಮತ್ತೆ ಒಂದೇ ಪಕ್ಕ. ನಕ್ಷೆ ಮೇಲೆ ಇಟ್ಟು ನೋಡಿದ್ರೆ ಒಂದು ಸಮುದ್ರದ ಒಂದು ದಡದಿಂದ ಇನ್ನೊಂದು ದಡದ ತನಕ ಇದೇ ಉಪಾಯ. ಆಗ್ನೇಯ ಏಷ್ಯಾದ ದ್ವೀಪಗಳ ನಾವಿಕರು ಹೋದಲ್ಲೆಲ್ಲ ಇದನ್ನ ತಗೊಂಡು ಹೋದ್ರು ಅಂತ ವಿದ್ವಾಂಸರು ಹೇಳ್ತಾರೆ. ಮದ್ರಾಸ್ ಸರ್ಕಾರದ ಮೀನುಗಾರಿಕೆ ಇಲಾಖೇಲಿ ಇದ್ದ ಜೇಮ್ಸ್ ಹಾರ್ನೆಲ್ ಅನ್ನೋರು ನಮ್ಮ ದೇಶದ ದೋಣಿಗಳನ್ನ ಊರೂರು ಅಲೆದು ನೋಡಿ 1920ರಲ್ಲೇ ಈ ನಂಟಿನ ಬಗ್ಗೆ ಬರೆದಿದ್ರು. ಜಾವಾದ ಬೊರೊಬುದುರ್ ಸ್ತೂಪದ ಗೋಡೆ ಮೇಲೆ ಪಕ್ಕದಲ್ಲಿ ತೇಲುಮರ ಕಟ್ಟಿದ ದೊಡ್ಡ ಹಾಯಿಹಡಗುಗಳನ್ನ ಕೆತ್ತಿದಾರೆ, ನಮ್ಮ ಬೇಲೂರು ದೇವಸ್ಥಾನ 1117ರದ್ದು, ಅದು ಬೇಲೂರಿಗಿಂತ ಸುಮಾರು ಮುನ್ನೂರು ವರ್ಷ ಹಳೇದು. ಆ ಕೆತ್ತನೆ ನೋಡ್ಕೊಂಡೇ ಒಂದು ಹಡಗು ಕಟ್ಟಿ 2003-04ರಲ್ಲಿ ಇಂಡೋನೇಷ್ಯಾದಿಂದ ಆಫ್ರಿಕಾದ ಘಾನಾ ತನಕ ಹೋದ್ರು. ಇದೆಲ್ಲ ನಮಗೇನು ಸಂಬಂಧ ಅನ್ನೋರಿಗೆ ಒಂದು ಮಾತು, ಅಡಿಕೆ ಕೂಡ ಮೂಲದಲ್ಲಿ ಅದೇ ದ್ವೀಪಗಳ ಕಡೆಯದ್ದು, ಆ ನಾವಿಕರ ಓಡಾಟದಲ್ಲೇ ಈ ಕಡೆ ಬಂದಿರೋದು ಅಂತಾರೆ. ಮಲೆನಾಡಿನ ಅರ್ಧ ಅಂಗಳಗಳು ಯಾರ ದೋಣೀಲಿ ಬಂದಿದ್ದನ್ನ ಒಣಗಿಸ್ತಾ ಇದಾವೆ ಅಂತ ಯೋಚಿಸಿದ್ರೆ ತಮಾಷೆ ಅನ್ಸುತ್ತೆ.

ನಮ್ಮ ಜಿಲ್ಲೇಲಿ ದೋಣಿ ಅಂದ್ರೆ ಹರಿಗೋಲು. ಗೊರೂರು ಹಿನ್ನೀರಲ್ಲಿ, ಶೆಟ್ಟಿಹಳ್ಳಿ ಚರ್ಚ್ ನೀರಲ್ಲಿ ಮುಳುಗಿ ನಿಂತಾಗ ಜನ ಸೆಲ್ಫಿ ತಗೊಳಕ್ಕೆ ಹೋಗ್ತಾರಲ್ಲ ಅಲ್ಲೂ ಹಿಂದೆ ಮೀನು ಹಿಡಿಯೋರ ತೆಪ್ಪ ಕಾಣುತ್ತೆ. ಬಿದಿರು ಸೀಳಿ ಹೆಣೆದು, ಹಿಂದೆಲ್ಲ ಚರ್ಮ ಹೊದಿಸ್ತಿದ್ರು, ಈಗ ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳೀತಾರೆ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 16ನೇ ಶತಮಾನದಲ್ಲೇ ಈ ಬುಟ್ಟಿದೋಣಿ ಬಗ್ಗೆ ಬರೆದಿದಾನೆ. ಮಗುಚೋ ಸಮಸ್ಯೆಗೆ ಇದು ಪೂರ್ತಿ ಉಲ್ಟಾ ಉತ್ತರ, ಉದ್ದ ಎಷ್ಟೋ ಅಗಲವೂ ಅಷ್ಟೇ. ಸಲೀಸಾಗಿ ಮಗುಚಲ್ಲ, ಆದ್ರೆ ನೆಟ್ಟಗೆ ಹೋಗೋದೂ ಇಲ್ಲ, ಒಂದು ಕಡೆ ಹುಟ್ಟು ಹಾಕಿದ್ರೆ ಗಿರಗಿರ ತಿರುಗುತ್ತೆ. ದೂರ ಹೋಗೋ ದರ್ದು ಇಲ್ಲದ ನಿಂತ ನೀರಿಗೆ ಸರಿ. ತಲೆ ಮೇಲೆ ಹೊತ್ಕೊಂಡು ಮನೆಗೆ ಬರಬಹುದು ಅನ್ನೋದು ದೊಡ್ಡ ಲಾಭ.

ಕರಾವಳೀಲಿ ಈಗ ಫೈಬರ್ ಬಂದಿದೆ, ಎಲ್ಲರಿಗೂ ಗೊತ್ತಿರೋದೇ. ಅಚ್ಚಲ್ಲಿ ಎರಕ ಹೊಯ್ದ ಹಾಗೆ, ಎಷ್ಟು ಅಗಲ ಬೇಕೋ ಅಷ್ಟು, ಮರದ ದಪ್ಪದ ಹಂಗು ತಪ್ಪಿತು. ಹುಳ ಹಿಡಿಯಲ್ಲ, ಎಣ್ಣೆ ಬಳಿಯೋ ರಗಳೆ ಇಲ್ಲ, ಹಿಂದೆ ಒಂದು ಇಂಜಿನ್ ಸಿಕ್ಕಿಸಿದ್ರೆ ಆಯ್ತು. ಹಳೇದೇ ಚೆನ್ನ ಅಂತ ದಡದಲ್ಲಿ ನಿಂತು ಹೇಳೋದು ಸುಲಭ, ಬೆಳಗಿನ ಜಾವ ಮೂರಕ್ಕೆ ಎದ್ದು ಹುಟ್ಟು ಹಾಕೋನು ನಾನಲ್ಲವಲ್ಲ. ಆದ್ರೆ ಶ್ರೀಲಂಕಾದಲ್ಲಿ ಒಂದು ಸ್ವಾರಸ್ಯ ಆಗಿದೆ, ದೋಣಿಯನ್ನ ಫೈಬರ್ ಮಾಡ್ಕೊಂಡ ಮೇಲೂ ಬಹಳ ಜನ ಪಕ್ಕದ ಮರನ ಬಿಟ್ಟಿಲ್ಲ. ಸಪೂರ ದೋಣಿ ಅಲೆ ಸೀಳ್ಕೊಂಡು ದಡ ಬಿಡೋ ರೀತಿ ಅಗಲದ ದೋಣಿಗೆ ಬರಲ್ಲ, ಡೀಸೆಲ್ಲು ಸೀಮೆಎಣ್ಣೆ ರೇಟು ನೋಡಿದ್ರೆ ಸಪೂರಕ್ಕೆ ಈಗ ಇನ್ನೂ ಬೆಲೆ. ನಮ್ಮಲ್ಲಿ ಅದಕ್ಕೂ ಮುಂಚೆಯೇ ಇನ್ನೊಂದು ಪೆಟ್ಟು ಬಿದ್ದಿತ್ತು. ಊರಿಗೆ ಊರೇ ಸೇರಿ ದಡದಿಂದ ಎಳೀತಿದ್ದ ರಾಂಪಣಿ ಬಲೆ, 1970ರ ದಶಕದ ಕೊನೇಲಿ, ಮೀನಿನ ಗುಂಪಿನ ಸುತ್ತ ಬಲೆ ಹಾಕಿ ಬಾಚೋ ಪರ್ಸೀನ್ ಬೋಟುಗಳು ಬಂದ ಮೇಲೆ ಮೂಲೆ ಸೇರಿತು. ಬೂತಾಯಿ ಬಂಗುಡೆ ಗುಂಪು ದಡದ ಹತ್ರ ಬರೋಕೆ ಮುಂಚೆಯೇ ಬೋಟಿನೋರು ಬಾಚ್ಕೊಂಡುಬಿಟ್ರೆ ದಡದಲ್ಲಿ ಕಾಯೋನಿಗೆ ಏನು ಸಿಗುತ್ತೆ. ಶಿರಾಡಿ ಘಾಟಿ ಹತ್ತಿ ಹಾಸನ ಮಾರ್ಕೆಟ್ಟಿಗೆ ಬರೋ ಬಂಗುಡೆ ಲಾರಿಗಳ ಮೀನು ಹೆಚ್ಚಿನದೂ ಬೋಟಿನದ್ದೇ. ಜೂನ್ ಜುಲೈ 61 ದಿನ ಬೋಟುಗಳಿಗೆ ರಜ ಇದ್ದಾಗ ಮಾತ್ರ ನಾಡದೋಣಿ ಮೀನು ಅಂತ ಹೆಸರು ಹೇಳಿ ಎರಡು ಪಟ್ಟು ರೇಟಿಗೆ ಮಾರ್ತಾರೆ, ಕೊಡ್ತೀವಿ.

ಇದರ ಮಧ್ಯೆ ಹೊಲಿಗೆಗೆ ಒಂದು ರಾಜಮರ್ಯಾದೆ ಸಿಕ್ಕಿದ್ದೂ ಕಾರವಾರದಲ್ಲೇ. ಅಜಂತಾದ 5ನೇ ಶತಮಾನದ ಚಿತ್ರ ನೋಡಿ, ಮೊಳೆ ಇಲ್ಲದೆ ತೆಂಗಿನ ಹುರೀಲಿ ಹಲಗೆ ಹೊಲಿದು ಕಟ್ಟಿದ ಐಎನ್‌ಎಸ್‌ವಿ ಕೌಂಡಿನ್ಯ ಅನ್ನೋ ಹಾಯಿಹಡಗನ್ನ ನೌಕಾಪಡೆ 2025ರ ಮೇ ತಿಂಗಳಲ್ಲಿ ಕಾರವಾರದ ನೆಲೇಲಿ ಸೇರಿಸ್ಕೊಂಡಿತು. ಆ ವರ್ಷ ಡಿಸೆಂಬರ್ ಕೊನೇಲಿ ಅದು ಪೋರಬಂದರಿನಿಂದ ಮಸ್ಕತ್ತಿಗೆ ಹೊರಟಿತು. ಅದಕ್ಕೆ ಪಕ್ಕದ ಮರ ಇಲ್ಲ, ದೊಡ್ಡ ಹಡಗು, ಬೇಕಾಗಿಲ್ಲ. ಹೊಲಿಗೆ ಗೊತ್ತಿರೋ ಕುಶಲಕರ್ಮಿಗಳನ್ನ ಕೇರಳದಿಂದ ಕರೆಸಿದ್ರು. ಪೇಪರಲ್ಲಿ ಫೋಟೋ ನೋಡಿ ಅಂಕೋಲೆಯ ಅಜ್ಜನಿಗೆ ಫೋನ್ ಮಾಡಿದೆ, ಅವತ್ತೇ ನಂಬರ್ ಇಸ್ಕೊಂಡಿದ್ದೆ. ಕೌಂಡಿನ್ಯದ ಬಗ್ಗೆ ಅವರಿಗೆ ಅಂಥ ಕುತೂಹಲ ಏನೂ ಇರ್ಲಿಲ್ಲ. "ಅದು ನೇವಿಯವ್ರದ್ದು" ಅಂತ ಒಂದೇ ಮಾತಲ್ಲಿ ಮುಗಿಸಿ ವಿಷಯ ತಿರುಗಿಸಿದ್ರು.

"ತಮಾ, ನಿಮ್ಮ ತೋಟದಲ್ಲಿ ಬಗ್ಗಿದ ಕೊಂಬೆ ಉಂಟಾ?"

ಎಂಥ ಬಗ್ಗಿದ್ದು ಅಂತ ಕೇಳಿದೆ.

"ಅಡ್ಡಕ್ಕೆ ಬೇಕು. ಹುಟ್ಟಿದಾಗಿಂದ್ಲೇ ಬಗ್ಗಿ ಬೆಳೆದದ್ದು ಬೇಕು, ನೆಟ್ಟಗಿದ್ದದ್ದನ್ನ ಕೆತ್ತಿ ಬಗ್ಗಿಸಿದ್ರೆ ಎಳೆ ಕಡಿದು ಹೋಗ್ತದೆ, ಭಾರ ತಡೆಯೂದಿಲ್ಲ. ಇಲ್ಲಿ ಈಗ ಎಲ್ಲ ನೆಟ್ಟಗಿನ ಮರ."

ಇಲ್ಲೂ ಹಾಗೇ ಅಂತ ಹೇಳೋಕೆ ಹೋಗಿ ಸುಮ್ಮನಾದೆ. ತೋಟದಲ್ಲಿ ಮರಗಸಿ, ಅಂದ್ರೆ ನೆರಳಿನ ಮರಗಳ ಕೊಂಬೆ ಸವರೋ ಕೆಲಸ, ಮಾಡುವಾಗ ಮೊದಲು ಕಡಿಯೋದೇ ಸೊಟ್ಟ ಕೊಂಬೆನ, ಸಾ ಮಿಲ್‌ನೋರಿಗೆ ಅದು ಬೇಡ, ಸೌದೆ ಲೆಕ್ಕಕ್ಕೆ ಹೋಗುತ್ತೆ. ಈ ಸಲ ಮಳೆಗೆ ಮುಂಚೆ ಮರಗಸಿ ಮಾಡಿಸುವಾಗ ಆಳುಗಳಿಗೆ ಹೇಳಿ ಎಂಟು ಹತ್ತು ಅಡಿ ಉದ್ದದ, ಗಂಟಿಲ್ಲದ, ಬಿಲ್ಲಿನ ಹಾಗೆ ಬಗ್ಗಿರೋವು ಸಿಕ್ರೆ ಶೆಡ್ಡಲ್ಲಿ ಎತ್ತಿಡಿ ಅಂದಿದೀನಿ. ಮೇಸ್ತ್ರಿ ಮುಖ ನೋಡಿದ. ಯಾವ ಜಾತಿ ಮರದ್ದು ಆಗುತ್ತೆ, ಯಾವುದು ಆಗಲ್ಲ ಅಂತ ಅಜ್ಜನಿಗೆ ಫೋಟೋ ಕಳಿಸಿ ಕೇಳ್ಬೇಕು, ಅವರ ಮೊಮ್ಮಗನ ವಾಟ್ಸಾಪ್ ಇದೆ. ಘಾಟಿ ಇಳಿಸೋಕೆ ಪಾಸ್ ಬೇಕಾಗುತ್ತಾ ಅಂತ ಫಾರೆಸ್ಟ್ ಆಫೀಸಲ್ಲೂ ಒಂದ್ಸಲ ವಿಚಾರಿಸ್ಬೇಕು, ಬೀಟೆ ಅಲ್ಲ ಸೊಟ್ಟ ಕೊಂಬೆ ಸ್ವಾಮಿ ಅಂದ್ರೆ ಅವರು ಯಾವ ಫಾರಂ ಕೊಡ್ತಾರೋ ನೋಡೋಣ.